ಪಾಕೀಟಿನ ಮೇಲೆ ಬ್ಯಾಚ್ ನಂಬರ್ ಇಲ್ಲದಿದ್ದರೆ ವಾಪಸ್ ತರಿಸುವುದು ಯಾವುದನ್ನು?

ಮಾನ್ಯ ಸಂಪಾದಕರೇ,

ಕಲಬುರಗಿಯ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ (ನಮ್ಮ ಕಡೆ ಹಿಂಡಿ ಎಂದರೆ ಚಟ್ನಿಪುಡಿ) ಇವತ್ತು ಬಸ್ಸು ಹತ್ತಿ ಬೆಂಗಳೂರು, ಹೈದರಾಬಾದ್, ಸೊಲ್ಲಾಪುರ, ಪುಣೆ ಸೇರುತ್ತಿವೆ. 2025ರ ಜೂನ್ ತಿಂಗಳ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯವರು ಇಲ್ಲಿ ರೊಟ್ಟಿ ಮಾಡುವ ಹೆಣ್ಣುಮಕ್ಕಳನ್ನು ಕೊಂಡಾಡಿದರು. ಮಹಿಳಾ ಸ್ವಸಹಾಯ ಸಂಘಗಳು, ಸಹಕಾರ ಸಂಘಗಳು, ರೈತ ಉತ್ಪಾದಕ ಕಂಪನಿಗಳು ಸೇರಿ ಕಟ್ಟಿದ ಈ ವ್ಯವಹಾರ ಗಟ್ಟಿಯಾಗಿ ನಿಲ್ಲಬೇಕೆಂಬ ಆಸೆಯಿಂದಲೇ ಈ ಪತ್ರ ಬರೆಯುತ್ತಿದ್ದೇವೆ.

ಮಳಿಗೆಗೆ ಹೋದಾಗ ಸಂಘಗಳ ಪಾಕೀಟು ಕೈಗೆತ್ತಿಕೊಂಡು ನೋಡಿ. ಹೆಸರು, ತೂಕ, ಬೆಲೆ, 14 ಅಂಕಿಯ ಆಹಾರ ನೋಂದಣಿ ಸಂಖ್ಯೆ ಎಲ್ಲವೂ ಅಚ್ಚಾಗಿರುತ್ತವೆ. ಬ್ಯಾಚ್ ನಂಬರಿನ ಜಾಗ ಮಾತ್ರ ಬಹಳ ಕಡೆ ಖಾಲಿ. ಬರೆದಿದ್ದರೂ ತಿಂಗಳಿಡೀ ಅದೇ ನಂಬರ್. ಒಂದು ಪಾಕೀಟಿನಲ್ಲಿ ದೋಷ ಕಂಡುಬಂತು ಅನ್ನಿ, ಅದರ ಜೊತೆ ತಯಾರಾದ ಉಳಿದ ಪಾಕೀಟುಗಳು ಎಲ್ಲಿವೆ ಎಂದು ಹುಡುಕುವ ದಾರಿಯೇ ಇರುವುದಿಲ್ಲ.

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2006ರ 26ನೇ ಕಲಂ ಈ ವಿಷಯದಲ್ಲಿ ಬಹಳ ಸ್ಪಷ್ಟವಾಗಿದೆ. ಒಂದು ಬ್ಯಾಚಿನ ಸ್ವಲ್ಪ ಭಾಗ ಅಸುರಕ್ಷಿತ ಎಂದಾದರೆ ಆ ಇಡೀ ಬ್ಯಾಚ್ ಅಸುರಕ್ಷಿತ ಎಂದೇ ಭಾವಿಸಬೇಕು. ಹಾಗಲ್ಲ ಎನ್ನುವುದು ಸರಿಯಾದ ಪರಿಶೀಲನೆಯಿಂದ ಗೊತ್ತಾಗಬೇಕು. ಅಂಥ ಮಾಲನ್ನು ಅಂಗಡಿಗಳಿಂದಲೂ ಗ್ರಾಹಕರಿಂದಲೂ ತಕ್ಷಣ ವಾಪಸ್ ತರಿಸಿಕೊಂಡು, ಕಾರಣ ತಿಳಿಸಿ, ಅಧಿಕಾರಿಗಳ ಗಮನಕ್ಕೆ ತರಬೇಕೆಂದು 28ನೇ ಕಲಂ ಹೇಳುತ್ತದೆ. ಅದರ ವಿಧಾನ 2017ರ ಆಹಾರ ವಾಪಸಾತಿ ನಿಯಮಾವಳಿಯಲ್ಲಿದೆ. ತಯಾರಿಸುವವರು, ಸಗಟಾಗಿ ಪೂರೈಸುವವರು ವಾಪಸಾತಿ ಯೋಜನೆಯನ್ನು ಬರೆದಿಟ್ಟುಕೊಂಡಿರಬೇಕು. ಯಾವ ಬ್ಯಾಚ್ ಎಷ್ಟು, ಯಾರಿಗೆ, ಯಾವತ್ತು ಹೋಯಿತು ಎಂಬ ದಾಖಲೆಯನ್ನು ಅದರ ಅವಧಿ ಮುಗಿದ ಮೇಲೂ ಒಂದು ವರ್ಷ ಕಾಯ್ದಿಡಬೇಕು. ಬರೀ ಚಿಲ್ಲರೆ ಮಾರುವ ಅಂಗಡಿಗೆ ಯೋಜನೆಯ ವಿಷಯದಲ್ಲಿ ವಿನಾಯಿತಿ ಇದೆ. ತಾನೇ ತಯಾರಿಸಿ ತಾನೇ ಮಾರುವ ಸಂಘಕ್ಕೆ ಆ ವಿನಾಯಿತಿ ಸಿಗುವುದಿಲ್ಲ. ‘ನಾವು ಸಣ್ಣವರು, ನಮಗೆ ಇದೆಲ್ಲ ಯಾಕೆ’ ಎನ್ನುವ ಮಾತು ಸಂಘಗಳಲ್ಲಿ ಕೇಳಿಬರುತ್ತದೆ. ಬ್ಯಾಚ್ ನಂಬರಿನಿಂದ ಹೆಚ್ಚು ಉಳಿಯುವುದು ಸಣ್ಣವರೇ. ಲೆಕ್ಕ ಹಾಕಿ ನೋಡಿ.

ಒಂದು ಕೇಂದ್ರಕ್ಕೆ ದಿನಕ್ಕೆ 12 ಮನೆಗಳಿಂದ ತಲಾ 200 ರೊಟ್ಟಿ ಬರುತ್ತವೆ ಅಂದುಕೊಳ್ಳಿ. ಒಟ್ಟು 2,400 ರೊಟ್ಟಿ. ಹತ್ತರ ಪಾಕೀಟು ಕಟ್ಟಿದರೆ 240 ಪಾಕೀಟು. ಒಂದು ಮನೆಯ ರೊಟ್ಟಿ ಸರಿಯಾಗಿ ಒಣಗಿಲ್ಲ. ಮನೆಮನೆಯದನ್ನು ಬೇರೆ ಬೇರೆ ಕಟ್ಟಿ ಗುರುತು ಹಾಕಿದ್ದರೆ ವಾಪಸ್ ಬರಬೇಕಾದದ್ದು 20 ಪಾಕೀಟು. ಎಲ್ಲವನ್ನೂ ಒಂದೇ ಬುಟ್ಟಿಗೆ ಸುರಿದು ಕಟ್ಟಿದ್ದರೆ ಆ 200 ರೊಟ್ಟಿ 200 ಪಾಕೀಟುಗಳಿಗೂ ಹರಡಿರಬಹುದು. ಯಾವ ಪಾಕೀಟು ಎಂದು ಗೊತ್ತಾಗದ ಕಾರಣ 240ನ್ನೂ ತರಿಸಬೇಕು. ದಿನದ ಗುರುತೂ ಇಲ್ಲದಿದ್ದರೆ ಆ ವಾರದ್ದು, ಆ ತಿಂಗಳದ್ದು ಪೂರ್ತಿ ಬರಬೇಕು. ತಪ್ಪಿಲ್ಲದ 11 ಮನೆಯವರ ದುಡಿಮೆಯೂ ಅದರ ಜೊತೆ ಹೋಗುತ್ತದೆ.

ನಂಬರ್ ಹಾಕುವುದು ಕಷ್ಟದ ಕೆಲಸವಲ್ಲ. ಪದಾರ್ಥದ ಮೊದಲ ಅಕ್ಷರ, ತಯಾರಿಸಿದ ದಿನ ಮತ್ತು ತಿಂಗಳು, ಎಷ್ಟನೇ ಘಾಣ (ಒಂದು ಸಲಕ್ಕೆ ಹುರಿದು ತೆಗೆದದ್ದು), ಯಾವ ಮನೆ: ಇಷ್ಟು ಸಾಕು. ‘ಶೇ-1402-2-07’ ಎಂದರೆ ಫೆಬ್ರುವರಿ 14ರಂದು ಏಳನೇ ಮನೆಯಲ್ಲಿ ಹುರಿದ ಎರಡನೇ ಘಾಣದ ಶೇಂಗಾ ಹಿಂಡಿ. ಅಂಕಿ ತಿರುಗಿಸುವ ಕೈಮುದ್ರೆ ಸ್ಟೇಷನರಿ ಅಂಗಡಿಯಲ್ಲೇ ಸಿಗುತ್ತದೆ. ಶಾಯಿ ಪ್ಲಾಸ್ಟಿಕ್ ಮೇಲೆ ನಿಲ್ಲುವಂಥದ್ದಾಗಿರಲಿ. ಸಾದಾ ಸ್ಟ್ಯಾಂಪ್ ಶಾಯಿ ಎಣ್ಣೆಗೈ ತಾಗಿದರೆ ಅಳಿಸಿಹೋಗುತ್ತದೆ, ಹಿಂಡಿ ಪಾಕೀಟಿನ ಹೊರಗೆ ಎಣ್ಣೆ ತಾಗದೆ ಇರುವುದೂ ಇಲ್ಲ. ಕಾಗದದ ಚೀಟಿಯ ಮೇಲೆ ಒತ್ತಿ ಪಾಕೀಟಿನ ಮೇಲೆ ಅಂಟಿಸುವುದು ಒಳ್ಳೆಯದು. ರಟ್ಟಿನ ಡಬ್ಬದ ಮೇಲೆ ಮಾತ್ರ ನಂಬರ್ ಬರೆಯುವ ರೂಢಿ ಕೆಲವು ಕಡೆ ಇದೆ. ಅಂಗಡಿಯವರು ಡಬ್ಬ ಒಡೆದು ಪಾಕೀಟು ಜೋಡಿಸಿದ ಗಳಿಗೆಯಿಂದ ಆ ನಂಬರಿಗೆ ಬೆಲೆಯಿಲ್ಲ.

ನಂಬರಿನ ಬೆನ್ನಿಗೆ ಮೂರು ವಹಿ ಬೇಕು: ಒಳಗೆ ಬಂದ ಕಚ್ಚಾ ಮಾಲಿನದು, ತಯಾರಿಕೆಯದು, ಹೊರಗೆ ಹೋದದ್ದರದು. ಬಹಳ ಸಂಘಗಳಲ್ಲಿ ಮೂರನೆಯದು ಚೆನ್ನಾಗಿರುತ್ತದೆ, ಯಾಕೆಂದರೆ ಅಲ್ಲಿ ದುಡ್ಡಿನ ಲೆಕ್ಕವಿದೆ. ಮೊದಲನೆಯದರಲ್ಲಿ ‘ಶೇಂಗಾ 2 ಚೀಲ’ ಎಂದಷ್ಟೇ ಇರುತ್ತದೆ. ಯಾವ ಅಡತಿಯಿಂದ (ದಲ್ಲಾಳಿ ಅಂಗಡಿಯಿಂದ) ಬಂದ ಚೀಲ, ಯಾವತ್ತು ಬಾಯಿ ಬಿಚ್ಚಿದ್ದು, ಯಾವ ಘಾಣಕ್ಕೆ ಹೋಯಿತು ಎನ್ನುವುದು ಇಲ್ಲದಿದ್ದರೆ ದೋಷ ಹುರಿಯುವಾಗ ಆಯಿತೋ ಚೀಲದಲ್ಲೇ ಇತ್ತೋ ಎಂದು ತಿಳಿಯುವುದಿಲ್ಲ. ಚೀಲದಲ್ಲಿದ್ದರೆ ಆ ಚೀಲದ ಶೇಂಗಾ ಬಳಸಿದ ಎಲ್ಲ ಘಾಣಗಳೂ ವಾಪಸ್ ಬರಬೇಕು. ಅರ್ಧ ಖಾಲಿಯಾದ ಚೀಲದ ಮೇಲೆ ಹೊಸ ಚೀಲ ಸುರಿಯುವುದನ್ನು ದಯವಿಟ್ಟು ನಿಲ್ಲಿಸಿ. ಎರಡು ಚೀಲಗಳ ಗುರುತೂ ಆ ಕ್ಷಣಕ್ಕೆ ಮಾಯವಾಗುತ್ತದೆ.

ಶೇಂಗಾ ವಿಷಯ ತುಸು ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಭಾಗದ ಹಿಂಡಿಗಳಲ್ಲಿ ಹೆಚ್ಚು ಅಪಾಯ ಇರುವುದು ಅಲ್ಲೇ. ತೇವ ಹಿಡಿದ ಶೇಂಗಾಕ್ಕೆ ಆಸ್ಪರ್ಜಿಲಸ್ ಎಂಬ ಬೂಷ್ಟು ಹತ್ತಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಇದು ಯಕೃತ್ತಿಗೆ ಮಾರಕ, ಕ್ಯಾನ್ಸರ್‌ಕಾರಕ. ಕಿಲೋಗೆ ಇಷ್ಟು ಮೈಕ್ರೋಗ್ರಾಂ ಎಂದು ಅಳೆಯುವ ವಿಷ ಇದು. ನಾಲಿಗೆಗೆ, ಮೂಗಿಗೆ ಸಿಗುವುದಿಲ್ಲ. ಹುರಿದರೆ ಬೂಷ್ಟು ಸಾಯುತ್ತದೆ, ವಿಷ ಸ್ವಲ್ಪ ಕಡಿಮೆಯಾದರೂ ಪೂರ್ತಿ ಹೋಗುವುದಿಲ್ಲ. ‘ಚೆನ್ನಾಗಿ ಹುರಿದಿದ್ದೇವೆ, ಏನೂ ಆಗದು’ ಎನ್ನುವ ಧೈರ್ಯ ಇಲ್ಲಿ ನಡೆಯುವುದಿಲ್ಲ. ಈ ವಿಷ ಚೀಲದ ತುಂಬ ಸಮನಾಗಿ ಹರಡಿರುವುದಿಲ್ಲ. ಕೆಲವೇ ಕೆಟ್ಟ ಕಾಳುಗಳಲ್ಲಿ ದಟ್ಟವಾಗಿರುತ್ತದೆ. ಆ ಕಾಳುಗಳನ್ನು ಆರಿಸಿ ತೆಗೆದರೆ ಅಪಾಯದ ಬಹುಪಾಲು ಹೊರಗೆ ಹೋಯಿತು. ಆರಿಸದೆ ಕುಟ್ಟಿದರೆ ಒಂದು ಹಿಡಿ ಕೆಟ್ಟ ಕಾಳು ಹತ್ತು ಕಿಲೋ ಹಿಂಡಿಯಲ್ಲಿ ಬೆರೆತುಹೋಗುತ್ತದೆ.

ಆರಿಸುವುದು ಎರಡು ಸಲ. ಹುರಿಯುವ ಮೊದಲು ಬೆಳಕಿರುವ ಕಡೆ ತೆಳ್ಳಗೆ ಹರಡಿ, ಸುಕ್ಕುಗಟ್ಟಿದ, ಕಪ್ಪಾದ, ಹುಳ ತಿಂದ, ಒಡೆದ, ಹಸಿರು ಹಳದಿ ಪುಡಿ ಅಂಟಿದ ಕಾಳು ತೆಗೆಯಬೇಕು. ಹುರಿದು ಸಿಪ್ಪೆ ತಿಕ್ಕಿ ಮೊರದಲ್ಲಿ ಹಾರಿಸಿದ ಮೇಲೆ ಇನ್ನೊಮ್ಮೆ ನೋಡಬೇಕು. ಸಿಪ್ಪೆಯ ಕೆಳಗೆ ಮರೆಯಾಗಿದ್ದ ಕಲೆ ಆಗ ಕಾಣುತ್ತದೆ. ಆರಿಸಿ ತೆಗೆದದ್ದನ್ನು ದನಕ್ಕೆ ಹಾಕಬೇಡಿ, ಎಣ್ಣೆ ಗಾಣಕ್ಕೂ ಕೊಡಬೇಡಿ. ದನ ತಿಂದ ಅಫ್ಲಾಟಾಕ್ಸಿನ್ ರೂಪ ಬದಲಿಸಿಕೊಂಡು ಹಾಲಿಗೆ ಬರುತ್ತದೆ, ಆ ಹಾಲು ಮಕ್ಕಳ ಲೋಟಕ್ಕೆ ಬರುತ್ತದೆ. ತೂಕ ಮಾಡಿ, ವಹಿಯಲ್ಲಿ ಬರೆದು, ಗುಂಡಿ ತೆಗೆದು ಹೂಳಿ. ತೂಕ ಬರೆಯುವುದರಿಂದ ಇನ್ನೊಂದು ಲಾಭವಿದೆ: ಯಾವ ಅಡತಿಯ ಚೀಲದಲ್ಲಿ ಪ್ರತಿ ಸಲ ಹೆಚ್ಚು ಕೆಟ್ಟ ಕಾಳು ಬರುತ್ತದೆ ಎಂಬುದು ನಾಲ್ಕು ಖರೀದಿಯಲ್ಲಿ ಗೊತ್ತಾಗುತ್ತದೆ.

ಕೊಳ್ಳುವಾಗ ಕಾಳಿನ ತೇವಾಂಶ ಶೇ 7ಕ್ಕಿಂತ ಹೆಚ್ಚಿರಬಾರದು. ಚೀಲಗಳನ್ನು ಕಟ್ಟಿಗೆಯ ಹಲಗೆ ಮೇಲೆ, ಗೋಡೆಯಿಂದ ಒಂದಡಿ ದೂರ ಇಡಬೇಕು. ಬೇಸಿಗೆಯಲ್ಲಿ ಇಲ್ಲಿನ ತಾಪ 42 ಡಿಗ್ರಿ ದಾಟುತ್ತದೆ, ತಗಡಿನ ಕೋಣೆಯೊಳಗೆ ಇನ್ನೂ ಹೆಚ್ಚು. ಅಂಥಲ್ಲಿ ಶೇಂಗಾದ ಎಣ್ಣೆ ಬೇಗ ಕಮಟು ಹಿಡಿಯುತ್ತದೆ. ಹಿಂಡಿಗೆ ಹಸಿ ಬೆಳ್ಳುಳ್ಳಿ ಹಾಕಿದರೆ ರುಚಿ ಹೆಚ್ಚು, ನಿಜ, ತೇವವೂ ಹೆಚ್ಚು. ತಿಂಗಳುಗಟ್ಟಲೆ ಇಡುವ ಪಾಕೀಟಿಗೆ ಬೆಳ್ಳುಳ್ಳಿ, ಕರಿಬೇವು ಎರಡನ್ನೂ ಗರಿಗರಿಯಾಗುವವರೆಗೆ ಹುರಿದೇ ಹಾಕಬೇಕು. ಮನೆಯಲ್ಲಿ ವಾರದಲ್ಲಿ ಖಾಲಿಯಾಗುವ ಹಿಂಡಿಗೂ ಊರು ದಾಟುವ ಹಿಂಡಿಗೂ ಒಂದೇ ಪದ್ಧತಿ ಹೊಂದುವುದಿಲ್ಲ.

ಖಡಕ್ ರೊಟ್ಟಿಯಲ್ಲಿ ಬೂಷ್ಟಿನ ಮೂಲ ಸಾಮಾನ್ಯವಾಗಿ ಅವಸರ. ಬಿಸಿ ಇರುವಾಗಲೇ ಒಂದರ ಮೇಲೊಂದು ಪೇರಿಸಿ ಕವರಿಗೆ ಹಾಕಿದರೆ ಹಬೆ ಒಳಗೇ ನೀರಾಗುತ್ತದೆ. ರೊಟ್ಟಿ ಮುರಿದರೆ ಟಕ್ಕನೆ ಮುರಿಯಬೇಕು. ನಡುಭಾಗ ತುಸು ಬಾಗಿದರೂ ಅದು ಒಣಗಿಲ್ಲ. ಅಂಚು ಒಣಗಿ ನಡು ಹಸಿ ಉಳಿಯುವುದೇ ಹೆಚ್ಚು, ಆದ್ದರಿಂದ ಅಂಚು ಮುರಿದು ನೋಡಿದರೆ ಪ್ರಯೋಜನವಿಲ್ಲ. ಪ್ರತಿ ಮನೆಯ ಮಾಲಿನಿಂದ ಒಂದು ಪಾಕೀಟು ಕಟ್ಟಿ ಒಂದು ರಾತ್ರಿ ಇಟ್ಟು ನೋಡಿ. ಬೆಳಿಗ್ಗೆ ಕವರಿನ ಒಳಗೆ ಮಂಜು ಕಟ್ಟಿದ್ದರೆ ಆ ಬ್ಯಾಚ್ ಹೊರಗೆ ಹೋಗಬಾರದು.

ಗಿರಣಿಯ ಮಾತೂ ಇದೆ. ‘ಗ್ಲುಟೆನ್ ಇಲ್ಲದ ಜೋಳದ ರೊಟ್ಟಿ’ ಎಂದು ಪಾಕೀಟಿನ ಮೇಲೆ ಅಚ್ಚು ಹಾಕುವ ಸಂಘಗಳು ಹೆಚ್ಚುತ್ತಿವೆ. ಗ್ಲುಟೆನ್ ಎಂದರೆ ಗೋಧಿಯಲ್ಲಿರುವ ಅಂಟಿನ ಪ್ರೋಟೀನ್, ಜೋಳದಲ್ಲಿ ಅದು ಇಲ್ಲ ಎನ್ನುವುದು ಸರಿ. ಆದರೆ ಹಾಗೆ ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಬಾರದೆಂದು ನಿಯಮ. ಗೋಧಿ ಹಿಟ್ಟಿನಲ್ಲಿ ಸುಮಾರು ಹತ್ತನೇ ಒಂದು ಭಾಗ ಗ್ಲುಟೆನ್; ಅಂದರೆ ಒಂದು ಕಿಲೋ ಜೋಳದ ಹಿಟ್ಟಿಗೆ ಕಾಲು ಗ್ರಾಂ ಗೋಧಿ ಹಿಟ್ಟು ಬೆರೆತರೂ ಮಿತಿ ದಾಟುತ್ತದೆ. ಗೋಧಿ ಬೀಸಿದ ಗಿರಣಿಯಲ್ಲೇ ಬೆನ್ನಿಗೆ ಜೋಳ ಬೀಸಿದರೆ ಅದಕ್ಕಿಂತ ಹೆಚ್ಚೇ ಬೆರೆಯುತ್ತದೆ. ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಯವರು ಆ ಅಕ್ಷರ ನಂಬಿ ಕೊಳ್ಳುತ್ತಾರೆ. ಜೋಳಕ್ಕೇ ಮೀಸಲಾದ ಗಿರಣಿ ಇದ್ದರೆ ಬರೆಯಿರಿ, ಇಲ್ಲದಿದ್ದರೆ ಆ ಸಾಲು ತೆಗೆದುಬಿಡಿ. ಶೇಂಗಾ ಕುಟ್ಟಿದ ಮಿಕ್ಸಿಯಲ್ಲೇ ಅಗಸಿ ಹಿಂಡಿ ಮಾಡುವವರು ‘ಶೇಂಗಾ ಅಂಶ ಇರಬಹುದು’ ಎಂದು ಚೀಟಿಯಲ್ಲಿ ಹೇಳಬೇಕು. ಶೇಂಗಾ ಒಗ್ಗದವರಿಗೆ ಚೂರು ಸಾಕು ಉಸಿರು ಕಟ್ಟಲು.

ಇಷ್ಟೆಲ್ಲ ಮಾಡಿದರೂ ಒಂದು ದಿನ ದೂರು ಬರಬಹುದು. ಸಂಘಗಳು ಹೆಚ್ಚಾಗಿ ಎಡವುವುದು ಆಗಲೇ, ಅದೂ ಸಭೆಯ ಕಾರಣಕ್ಕೆ. ಆಡಳಿತ ಮಂಡಳಿ ಸೇರಬೇಕು, ನೋಟಿಸ್ ಕೊಡಬೇಕು, ಅಧ್ಯಕ್ಷರು ಊರಲ್ಲಿಲ್ಲ, ಹೀಗೆ ದಿನ ಉರುಳುತ್ತವೆ. ಮಾಲು ಮಾರಾಟವಾಗುತ್ತಲೇ ಇರುತ್ತದೆ. ಈಗಲೇ ಒಂದು ಠರಾವು ಮಾಡಿಟ್ಟುಕೊಳ್ಳಿ: ಕಾರ್ಯದರ್ಶಿ ಮತ್ತು ಗುಣಮಟ್ಟ ನೋಡಿಕೊಳ್ಳುವ ಸದಸ್ಯೆ, ಇಬ್ಬರಲ್ಲಿ ಯಾರೇ ಆದರೂ ಯಾರನ್ನೂ ಕೇಳದೆ ಒಂದು ಬ್ಯಾಚಿನ ಮಾರಾಟ ನಿಲ್ಲಿಸಬಹುದು. ನಿಲ್ಲಿಸಿದ್ದನ್ನು ಮತ್ತೆ ಬಿಡುವುದಕ್ಕೆ ಮಾತ್ರ ಸಭೆ ಬೇಕು.

ಮಾರಾಟ ನಿಲ್ಲಿಸುವುದು ಮೊದಲು, ತನಿಖೆ ಆಮೇಲೆ. ‘ಪರೀಕ್ಷೆಯ ವರದಿ ಬರಲಿ, ನೋಡೋಣ’ ಎಂದು ಕಾಯುವಂತಿಲ್ಲ. ಆಹಾರ ವಿಶ್ಲೇಷಕರಿಗೆ ವರದಿ ಕೊಡಲು ಕಾಯ್ದೆ ಕೊಟ್ಟ ಅವಧಿಯೇ 14 ದಿನ, ಅಷ್ಟರಲ್ಲಿ ರೊಟ್ಟಿ ತಿಂದು ಮುಗಿದಿರುತ್ತದೆ. ಗೋದಾಮಿನಲ್ಲಿರುವ ಅದೇ ಬ್ಯಾಚ್ ಬೇರೆ ಕೋಣೆಗೆ ಹೋಗಬೇಕು. ವಹಿ ನೋಡಿ ಪ್ರತಿ ಅಂಗಡಿಗೆ ಫೋನ್ ಮಾಡಬೇಕು, ಬಸ್ಸಿನ ಪಾರ್ಸೆಲ್ ಇನ್ನೂ ದಾರಿಯಲ್ಲಿದ್ದರೆ ಇಳಿಸಿಕೊಳ್ಳುವವರಿಗೆ ತಿಳಿಸಬೇಕು. ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತ ಅಧಿಕಾರಿಗೆ 24 ಗಂಟೆಯೊಳಗೆ ವಿಷಯ ಬರಹದಲ್ಲಿ ಹೋಗಬೇಕು. ತಾವಾಗಿಯೇ ತಿಳಿಸುವುದಕ್ಕೆ ಹೆದರುವವರಿದ್ದಾರೆ. ಅಧಿಕಾರಿಗಳು ಬಂದು ಕಂಡುಹಿಡಿಯುವುದಕ್ಕೂ ಸಂಘವೇ ದಾಖಲೆ ಸಮೇತ ಹೋಗಿ ಹೇಳುವುದಕ್ಕೂ ಇರುವ ವ್ಯತ್ಯಾಸ ದೊಡ್ಡದು.

ಗ್ರಾಹಕರಿಗೆ ಕಳಿಸುವ ಸಂದೇಶವನ್ನು ಮೊದಲೇ ಬರೆದಿಟ್ಟುಕೊಳ್ಳಿ. ಹೀಗಿದ್ದರೆ ಸಾಕು: ‘ನಮ್ಮ ಸಂಘದ ಶೇಂಗಾ ಹಿಂಡಿ, 200 ಗ್ರಾಂ, ಬ್ಯಾಚ್ ಶೇ-1402-2-07. ಇದರಲ್ಲಿ ಬೂಷ್ಟು ಹಿಡಿದ ಶೇಂಗಾ ಬೆರೆತಿರುವ ಶಂಕೆ ಇದೆ. ನಿಮ್ಮಲ್ಲಿದ್ದರೆ ತಿನ್ನಬೇಡಿ, ಬೇರೆಯವರಿಗೆ ಕೊಡಬೇಡಿ, ದನಕ್ಕೆ ಹಾಕಬೇಡಿ. ಕೊಂಡ ಅಂಗಡಿಗೆ ಮರಳಿಸಿ. ರಸೀದಿ ಇಲ್ಲದಿದ್ದರೂ, ಪಾಕೀಟು ಒಡೆದಿದ್ದರೂ ಪೂರ್ತಿ ಹಣ ಕೊಡುತ್ತೇವೆ. ತಿಂದ ಮೇಲೆ ವಾಂತಿ, ಹೊಟ್ಟೆನೋವು ಕಂಡರೆ ಪಾಕೀಟು ಸಮೇತ ವೈದ್ಯರ ಬಳಿ ಹೋಗಿ.’ ಕೆಳಗೆ ಫೋನ್ ಎತ್ತುವವರ ನಂಬರ್. ‘ಕಾರಣಾಂತರಗಳಿಂದ’, ‘ತಾಂತ್ರಿಕ ಕಾರಣದಿಂದ’ ಎಂಬ ಮಾತು ಬೇಡ. ಕಾರಣ ಹೇಳದಿದ್ದರೆ ಜನ ಇನ್ನೂ ದೊಡ್ಡದನ್ನು ಊಹಿಸುತ್ತಾರೆ. ನಮ್ಮ ಊರಲ್ಲಿ ಕನ್ನಡದ ಜೊತೆ ಉರ್ದು, ತೆಲುಗು, ಮರಾಠಿ ಮನೆಗಳಿವೆ, ಓದಲು ಬಾರದವರೂ ಇದ್ದಾರೆ. ವಾಟ್ಸ್‌ಆ್ಯಪ್‌ಗೆ ಅಕ್ಷರದ ಜೊತೆ ಧ್ವನಿ ಸಂದೇಶವನ್ನೂ, ಪಾಕೀಟಿನ ಮೇಲೆ ನಂಬರ್ ಎಲ್ಲಿದೆ ಎಂದು ತೋರಿಸುವ ಫೋಟೊವನ್ನೂ ಹಾಕಿ. ಶರಣಬಸವೇಶ್ವರ ಜಾತ್ರೆಯಂಥ ಕಡೆ ಮಾರಿದ ಮಾಲಿಗೆ ಕೊಂಡವರ ಹೆಸರೇ ಇರುವುದಿಲ್ಲ. ಅದಕ್ಕೆ ಪತ್ರಿಕಾ ಪ್ರಕಟಣೆ ಬಿಟ್ಟರೆ ಗತಿಯಿಲ್ಲ; ತಮ್ಮಂಥ ಪತ್ರಿಕೆಗಳು ಇಂಥ ಪ್ರಕಟಣೆಗೆ ಜಾಗ ಕೊಡಬೇಕೆಂದು ಕೋರುತ್ತೇವೆ.

ಇನ್ನು ಲೆಕ್ಕ ಕೂಡಿಸುವುದು. ಹತ್ತು ಕಿಲೋ ಘಾಣಕ್ಕೆ 50 ಪಾಕೀಟು ಆಗಿದ್ದರೆ 50ಕ್ಕೂ ಉತ್ತರ ಸಿಗಬೇಕು. ಅಂಗಡಿಗೆ 31, ಗೋದಾಮಿನಲ್ಲಿ 9, ಬೆಂಗಳೂರಿಗೆ 6, ಮಾದರಿಗೆಂದು ತೆಗೆದಿಟ್ಟದ್ದು 2. ಉಳಿದ 2? ಸದಸ್ಯರೇ ಮನೆಗೆ ಒಯ್ದದ್ದು, ಬಂದ ಅತಿಥಿಗೆ ಕೈಗಿತ್ತದ್ದು ವಹಿಗೆ ಬರುವುದಿಲ್ಲ. ಅವನ್ನೂ ಬರೆಯಿರಿ, ದರದ ಕಡೆ ಸೊನ್ನೆ ಹಾಕಿದರೂ ಸರಿ. ಪ್ರತಿ ಬ್ಯಾಚಿನ ಎರಡು ಪಾಕೀಟು ಮಾದರಿಗೆಂದು ಅವಧಿ ಮುಗಿದು ಒಂದು ತಿಂಗಳವರೆಗೆ ಬೀಗದೊಳಗೆ ಇರಲಿ. ದೂರು ಬಂದಾಗ ದೋಷ ತಯಾರಿಕೆಯದೋ, ಅಂಗಡಿಯಲ್ಲಿ ಬಿಸಿಲಿಗೆ ಇಟ್ಟದ್ದರಿಂದಲೋ ಎಂದು ತಿಳಿಯಲು ಅದೊಂದೇ ಸಾಕ್ಷಿ.

ವಾಪಸ್ ಬಂದ ಪಾಕೀಟಿನ ಮೂಲೆ ಕತ್ತರಿಸಿ ಎಣಿಸಿ, ಬೀಗ ಹಾಕಿ. ಅವುಗಳನ್ನು ಮತ್ತೆ ಬಿಸಿಲಿಗೆ ಹರಡುವುದು, ಮತ್ತೆ ಹುರಿಯುವುದು, ಪುಡಿ ಮಾಡಿ ಬೇರೆ ಪದಾರ್ಥಕ್ಕೆ ಬೆರೆಸುವುದು ಕೂಡದು. ಅಧಿಕಾರಿಗಳ ಗಮನಕ್ಕೆ ತಂದೇ ನಾಶಪಡಿಸಿ ಫೋಟೊ ಇಟ್ಟುಕೊಳ್ಳಿ.

ನಷ್ಟ ಯಾರದು ಎಂಬ ಪ್ರಶ್ನೆಯನ್ನು ಸಂಘದವರು ಹೆಚ್ಚಾಗಿ ಮುಚ್ಚಿಡುತ್ತಾರೆ. ರೊಟ್ಟಿ ಸರಿ ಒಣಗಿಲ್ಲ ಎಂದು ಬಾಯಿ ಬಿಟ್ಟು ಹೇಳಿದ ತಾಯಿಗೆ ಅವತ್ತಿನ ಕೂಲಿ ಕಡಿತ ಮಾಡಿದರೆ ಮುಂದಿನ ಸಲ ಆಕೆ ಸುಮ್ಮನಿರುತ್ತಾಳೆ, ಅವಳನ್ನು ನೋಡಿ ಉಳಿದ 11 ಮನೆಯವರೂ ಸುಮ್ಮನಿರುತ್ತಾರೆ. ಪಾಕೀಟಿಗೆ ಇಷ್ಟು ಪೈಸೆ ಎಂದು ಬೇರೆ ನಿಧಿ ತೆಗೆದಿಡಿ. ತಾನಾಗಿ ಹೇಳಿದವರಿಗೆ ಪೂರ್ತಿ ಕೂಲಿ ಅದರಿಂದ ಸಿಗಲಿ. ನಮ್ಮ ದೃಷ್ಟಿಯಲ್ಲಿ ಯಾವ ಪ್ರಯೋಗಾಲಯಕ್ಕಿಂತಲೂ ಇದು ಹೆಚ್ಚು ದೋಷ ಹಿಡಿಯುತ್ತದೆ.

ಬಿಸಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಅನ್ನದ ಊಟ ಪೂರೈಸುವ ಸಂಘಗಳಿಗೆ ವಾಪಸಾತಿ ಎನ್ನುವುದು ಬಹುಪಾಲು ಕಾಗದದ ಮಾತು. ಎರಡು ಗಂಟೆಯಲ್ಲಿ ಊಟ ಮುಗಿದಿರುತ್ತದೆ. ಅಲ್ಲಿ ಬಿಸಿಯದು 60 ಡಿಗ್ರಿಗಿಂತ ಮೇಲೆ, ತಣ್ಣಗಿನದು 5 ಡಿಗ್ರಿಗಿಂತ ಕೆಳಗೆ ಇರಬೇಕು. ಕೈಗೆ ಗಾಯ, ಹುಣ್ಣು ಇದ್ದವರನ್ನು ಅವತ್ತು ಅಡುಗೆಗೆ ಹಚ್ಚಬಾರದು. ಗಾಯದಲ್ಲಿರುವ ಸ್ಟೆಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ಊಟ ಯಾರಿಗೆ ಹೋಯಿತೋ ಅವರ ಫೋನ್ ಪಟ್ಟಿ ಇಟ್ಟುಕೊಳ್ಳಬೇಕು.

ನೋಂದಣಿ ಬಗ್ಗೆಯೂ ಗೊಂದಲವಿದೆ. ಅದು ತಯಾರಿಸುವ ಜಾಗದ ವಿಳಾಸಕ್ಕೆ ಕೊಡುವಂಥದ್ದು. ಸಂಘದ ಕಚೇರಿಯ ಹೆಸರಲ್ಲಿ ತೆಗೆದ ಸಂಖ್ಯೆ ಮನೆಮನೆಯ ಒಲೆಗೆ ತಾನಾಗಿ ಅನ್ವಯಿಸುವುದಿಲ್ಲ. ಹಾಗೆಯೇ, ಅಧಿಕಾರಿ ಮಾದರಿ ಒಯ್ಯುವಾಗ ಅದನ್ನು ನಾಲ್ಕು ಭಾಗ ಮಾಡುತ್ತಾರೆ. ಬೇಕೆಂದರೆ ಅದರಲ್ಲೊಂದನ್ನು ಮಾನ್ಯತೆ ಪಡೆದ ಬೇರೆ ಪ್ರಯೋಗಾಲಯಕ್ಕೆ ತಮ್ಮ ಖರ್ಚಿನಲ್ಲಿ ಕಳಿಸುವಂತೆ ಕೇಳುವ ಹಕ್ಕು ತಯಾರಕರಿಗಿದೆ. ಗ್ರಾಹಕರಿಗೂ ಹಕ್ಕುಂಟು: ಪರೀಕ್ಷೆಗೆ ಕಳಿಸುತ್ತೇನೆ ಎಂದು ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಿ, ಶುಲ್ಕ ಕಟ್ಟಿ ವಿಶ್ಲೇಷಣೆ ಮಾಡಿಸಬಹುದು, ದೋಷ ಸಾಬೀತಾದರೆ ಶುಲ್ಕ ವಾಪಸ್. ವಿಭಾಗೀಯ ಆಹಾರ ಪ್ರಯೋಗಾಲಯ ಕಲಬುರಗಿಯಲ್ಲೇ ಇರುವಾಗ ಶೇಂಗಾ ಹಂಗಾಮಿನಲ್ಲಿ ಸಂಘಗಳ ಚೀಲಗಳಿಗೆ ಅಫ್ಲಾಟಾಕ್ಸಿನ್ ಪರೀಕ್ಷೆ ರಿಯಾಯಿತಿಯಲ್ಲಿ ಆಗುವಂತೆ ಜಿಲ್ಲಾಡಳಿತ ಏರ್ಪಾಡು ಮಾಡಬೇಕು.

ಈ ವ್ಯವಸ್ಥೆ ನಿಜಕ್ಕೂ ನಡೆಯುತ್ತಿದೆಯೇ ಎಂದು ನೋಡಲು ಮೂರು ತಿಂಗಳಿಗೊಮ್ಮೆ ಅಭ್ಯಾಸ ಮಾಡಬೇಕು. ಸಂಘಕ್ಕೆ ಸಂಬಂಧವಿಲ್ಲದ ಒಬ್ಬರು ನಗರದ ಸೂಪರ್ ಮಾರ್ಕೆಟ್ ಪ್ರದೇಶದ ಯಾವುದೋ ಅಂಗಡಿಯಿಂದ ಒಂದು ಪಾಕೀಟು ಕೊಂಡು ತಂದು ಕಾರ್ಯದರ್ಶಿಯ ಮೇಜಿನ ಮೇಲೆ ಇಡಲಿ. ಯಾವ ಮನೆ, ಯಾವ ಚೀಲ, ಉಳಿದ ಪಾಕೀಟು ಎಲ್ಲೆಲ್ಲಿ ಎನ್ನುವ ಉತ್ತರ ಎರಡು ಗಂಟೆಯಲ್ಲಿ ಸಿಗಬೇಕು. ಮೊದಲ ಸಲ ಸಿಗುವುದಿಲ್ಲ. ಎಲ್ಲಿ ಕೊಂಡಿ ಕಳಚಿತು ಎನ್ನುವುದಂತೂ ಸಿಗುತ್ತದೆ. ಬಹಳ ಸಲ ಅದು ಸಂಜೆ ಹೊತ್ತು ಅವಸರದಲ್ಲಿ ಕಳಿಸಿದ ಪಾರ್ಸೆಲ್ ಆಗಿರುತ್ತದೆ.

ಕೈಮುದ್ರೆ, ತೇವಾಂಶ ಮಾಪಕ, ವಹಿ ಇವುಗಳಿಗೆ ದೊಡ್ಡ ಹಣ ಬೇಡ. ಸಣ್ಣ ಆಹಾರ ಸಂಸ್ಕರಣಾ ಘಟಕಗಳಿಗೆ ನೆರವಾಗುವ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸ್ವಸಹಾಯ ಸಂಘದ ಸದಸ್ಯರಿಗೆ ತಲಾ 40 ಸಾವಿರ ರೂಪಾಯಿವರೆಗೆ ಬೀಜಧನ ಇಟ್ಟಿರುವುದೇ ದುಡಿಯುವ ಬಂಡವಾಳಕ್ಕೆ ಮತ್ತು ಸಣ್ಣ ಸಲಕರಣೆಗಳಿಗೆ. ಸ್ವಸಹಾಯ ಸಂಘಗಳನ್ನು ನೋಡಿಕೊಳ್ಳುವ ಜಿಲ್ಲಾ ಪಂಚಾಯಿತಿಯ ಸಂಜೀವಿನಿ ವಿಭಾಗದವರಲ್ಲಿ ಒಂದು ಮನವಿ: ಸರ್ಕಾರಿ ಮೇಳಗಳಲ್ಲಿ ಮಳಿಗೆ ಹಂಚುವಾಗ ಅರ್ಜಿಯ ಜೊತೆ ವಾಪಸಾತಿ ಯೋಜನೆಯ ಪ್ರತಿಯನ್ನೂ ಹಿಂದಿನ ತಿಂಗಳ ತಯಾರಿಕೆ ವಹಿಯ ಒಂದು ಪುಟವನ್ನೂ ಕೇಳಿ. ಇಲ್ಲದವರನ್ನು ಹೊರಗಿಡದೆ, ಮೇಳಕ್ಕೆ ಹದಿನೈದು ದಿನ ಮೊದಲೇ ಕರೆಸಿ ಅಲ್ಲೇ ಕೂರಿಸಿಕೊಂಡು ಬರೆಸಿ.

– ಸಹಕಾರಿ ಆಹಾರ ಘಟಕಗಳ ತರಬೇತುದಾರರು, ಕಲಬುರಗಿ